ಹೊಸ ಬೋರ್ ಕೊರೆಸದೆ ನೀರಾವರಿ ಹಿಗ್ಗಿಸುವುದು ಹೇಗೆ? ಐದಾರು ಮನೆಯವರು ಸೇರಿ ಮಾಡುವ ಕೆಲಸದ ಪೂರ್ತಿ ವಿವರ

ಯಾರಾದರೂ "ಇನ್ನೆರಡು ಎಕರೆಗೆ ನೀರು ಮಾಡ್ಕೋಬೇಕು" ಅಂದರೆ ಊರಲ್ಲಿ ಮೊದಲು ಬರುವ ಮಾತು ಬೋರ್ ಲಾರಿಯದ್ದು. ಪಾಯಿಂಟ್ ನೋಡುವವರು ಬರುತ್ತಾರೆ, ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಲ್ಲುತ್ತದೆ, ರಾತ್ರಿಯಿಡೀ ಲಾರಿ ಸದ್ದು, ಬೆಳಿಗ್ಗೆ ಕೈಗೆ ಬಿಲ್. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಸಿಕ್ಕರೂ ನೆಮ್ಮದಿ ಇಲ್ಲ. ಪಕ್ಕದವರ ಬೋರ್ ಸೊರಗುತ್ತದೆ, ಅವರು ಇನ್ನೂ ಇನ್ನೂರು ಅಡಿ ಇಳಿಸುತ್ತಾರೆ, ಆಮೇಲೆ ನಿಮ್ಮದು ಸೊರಗುತ್ತದೆ.

ಇಲ್ಲಿ ಹೇಳುವುದು ಬೇರೆ ದಾರಿ. ಅಕ್ಕಪಕ್ಕದ ಹೊಲದ ಐದಾರು ಮನೆಯವರು, ಒಟ್ಟು ಹತ್ತು ಹನ್ನೆರಡು ಎಕರೆ, ನಡುವೆ ಒಂದೋ ಎರಡೋ ಬೋರ್. ಚಿತ್ರದುರ್ಗ, ತುಮಕೂರು, ಕೋಲಾರ ಕಡೆಯ ಬಯಲುಸೀಮೆಯ ಕೆಂಪು ಮಣ್ಣನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಕಾಲುವೆ ನೀರು ಇರುವವರಿಗೆ, ಮಲೆನಾಡಿನವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಹಂತ 1: ಇರುವ ನೀರನ್ನು ಅಳೆಯಿರಿ

"ನಮ್ಮ ಬೋರಲ್ಲಿ ಎರಡು ಇಂಚು ನೀರು" ಅನ್ನುತ್ತೇವೆ. ಆ ಇಂಚು ಪೈಪಿನ ಗಾತ್ರ ಅಲ್ಲ. ಬೋರ್ ಕೊರೆಯುವಾಗ ವಿ ಆಕಾರದಲ್ಲಿ ಕತ್ತರಿಸಿದ ತಗಡಿನ ಮೇಲೆ ನೀರು ಹರಿಸುತ್ತಾರೆ, ಅಲ್ಲಿ ನೀರು ಎಷ್ಟು ಎತ್ತರಕ್ಕೆ ನಿಲ್ಲುತ್ತದೋ ಅದು ಇಂಚು. ಒಂದು ಇಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್. ಹಾಗಾದರೆ ಎರಡು ಇಂಚು ಸಾವಿರ ಲೀಟರ್ ಅಲ್ವಾ? ಅಲ್ಲ, ಸುಮಾರು 2,900 ಲೀಟರ್. ಮೂರು ಇಂಚು ಅಂದರೆ 8,000ದ ಹತ್ತಿರ. ವಿ ಮೇಲೆ ಹೋದಂತೆ ಅಗಲ ಆಗುವುದರಿಂದ ಅರ್ಧ ಇಂಚಿನ ವ್ಯತ್ಯಾಸವೂ ದೊಡ್ಡದು. ಎರಡೂವರೆ ಇಂಚನ್ನು ಬಾಯಿಮಾತಿಗೆ "ಮೂರು" ಎಂದು ಹೇಳಿಕೊಂಡು ಡ್ರಿಪ್ ಹಾಕಿಸಿದರೆ ಕೊನೆ ಸಾಲಿಗೆ ನೀರೇ ಹೋಗುವುದಿಲ್ಲ.

ಮೇಲಾಗಿ ಅದು ಕೊರೆದ ದಿನದ ಅಳತೆ. ಇವತ್ತಿನದು ಬೇಕೆಂದರೆ 200 ಲೀಟರಿನ ಡ್ರಮ್ ತನ್ನಿ. ಮೋಟರ್ ಹಾಕಿ ಒಂದು ಗಂಟೆ ಓಡಲಿ, ಆಮೇಲೆ ಡ್ರಮ್ ಇಟ್ಟು ಮೊಬೈಲಿನಲ್ಲಿ ಸಮಯ ನೋಡಿ. ನಾಲ್ಕು ನಿಮಿಷಕ್ಕೆ ತುಂಬಿದರೆ ಗಂಟೆಗೆ 3,000 ಲೀಟರ್, ಎಂಟು ನಿಮಿಷ ಹಿಡಿದರೆ 1,500. ಎಷ್ಟು ಗಂಟೆ ಓಡಿದ ಮೇಲೆ ಬಿಟ್ಟುಬಿಟ್ಟು ಬರಲು ಶುರುವಾಗುತ್ತದೆ, ನಿಲ್ಲಿಸಿದ ಮೇಲೆ ಮತ್ತೆ ನೀರು ಕೂಡಲು ಎಷ್ಟು ಹೊತ್ತು ಬೇಕು, ಅದನ್ನೂ ಬರೆದಿಡಿ. ವರ್ಷಕ್ಕೆ ಎರಡು ಸಲ ಸಾಕು. ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಒಂದು, ಮಳೆ ಮುಗಿದ ಮೇಲೆ ಡಿಸೆಂಬರ್‌ನಲ್ಲಿ ಒಂದು. ಯೋಜನೆಗೆ ಮೇ ತಿಂಗಳ ಅಳತೆಯನ್ನೇ ಹಿಡಿಯಿರಿ, ಡಿಸೆಂಬರ್‌ನದು ಎಲ್ಲರಿಗೂ ಧೈರ್ಯ ಕೊಡುತ್ತದೆ, ಆದರೆ ಏಪ್ರಿಲ್‌ಗೆ ಅದು ಉಳಿದಿರುವುದಿಲ್ಲ.

ಹಂತ 2: ಯಾವ ಬೆಳೆಗೆ, ಯಾವ ವಾರ ನೀರು ಎಂದು ಲೆಕ್ಕ ಹಾಕಿ

ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ಸುಮಾರು 4,000 ಲೀಟರ್. ಈ ಒಂದು ಅಂಕಿ ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ತರಕಾರಿ ಇಟ್ಟರೆ, ಬೆಳೆ ಹರಡಿದ ಮೇಲೆ ದಿನಕ್ಕೆ 5 ಮಿ.ಮೀ. ಬೇಕೆಂದು ಹಿಡಿಯೋಣ. ಎಕರೆಗೆ 20,000 ಲೀಟರ್. ಗಂಟೆಗೆ 2,900 ಲೀಟರ್ ಕೊಡುವ ಬೋರ್, ತ್ರೀ ಫೇಸ್ ಕರೆಂಟು ಏಳು ಗಂಟೆ ಇದ್ದರೆ ದಿನಕ್ಕೆ ಎತ್ತುವುದು 20,300. ಅಂದರೆ ಇಡೀ ಬೋರ್ ಒಂದು ಎಕರೆ ಟೊಮೆಟೊಗೆ ಮುಗಿಯಿತು.

ಅದೇ ನೀರನ್ನು ಮಳೆಗಾಲಕ್ಕೆ ತಿರುಗಿಸಿ ನೋಡಿ. ನಮ್ಮ ಕಡೆ ಬೆಳೆ ಹೋಗುವುದು ಹೆಚ್ಚಾಗಿ ವರ್ಷದ ಮಳೆ ಕಡಿಮೆಯಾಗಿ ಅಲ್ಲ, ನಡುವೆ ಮೂರು ವಾರ ಮಳೆ ಕೈಕೊಟ್ಟು. ಶೇಂಗಾ ಹೂ ಬಿಟ್ಟು ಕಾಯಿ ಕಟ್ಟುವಾಗ, ರಾಗಿ ತೆನೆ ಹೊರಡುವಾಗ, ಮೆಕ್ಕೆಜೋಳ ಸೂಲಂಗಿ ಬಿಡುವಾಗ ಒಂದು ಸಲ 30 ಮಿ.ಮೀ. ನೀರು ಸಿಕ್ಕರೆ ಬೆಳೆ ಉಳಿಯುತ್ತದೆ. ಎಕರೆಗೆ 1.2 ಲಕ್ಷ ಲೀಟರ್. ಆ ಬೋರ್ ಇಪ್ಪತ್ತೊಂದು ದಿನದಲ್ಲಿ ಎತ್ತುವ ನೀರು ನಾಲ್ಕು ಲಕ್ಷ ಲೀಟರ್ ಮೇಲಾಗುತ್ತದೆ, ಮೂರೂವರೆ ಎಕರೆ ಉಳಿಯಿತು. ಬೇಸಿಗೆಯ ನೂರು ದಿನ ಒಂದು ಎಕರೆಗೆ ಸುರಿಯುವ ನೀರು ಹೆಚ್ಚುಕಮ್ಮಿ 20 ಲಕ್ಷ ಲೀಟರ್. ಅಷ್ಟರಲ್ಲಿ ಎಂಟು ಎಕರೆ ಮಳೆಬೆಳೆಗೆ ಎರಡೆರಡು ಸಲ ಕೊಡಬಹುದು. ಟೊಮೆಟೊ ರೇಟು ಬಂದರೆ ಬೋರ್ ಇದ್ದವನ ಒಂದು ಎಕರೆಯೇ ಎಲ್ಲರನ್ನೂ ಮೀರಿಸುತ್ತದೆ, ನಿಜ. ಬಾರದಿದ್ದರೆ ರಸ್ತೆ ಬದಿ ಸುರಿಯುವುದೂ ನೋಡಿದ್ದೇವೆ. ನನ್ನ ಮಟ್ಟಿಗೆ ಮಳೆಗಾಲದ ಬೆಳೆ ಎಲ್ಲರಿಗೂ ಗಟ್ಟಿ ಮಾಡಿ, ಉಳಿದ ನೀರಿನಲ್ಲಿ ಮಾತ್ರ ಬೇಸಿಗೆ ಬೆಳೆಯ ಜೂಜು ಆಡುವುದು ಸರಿ.

ಹಂತ 3: ಕೂತು ಒಪ್ಪಂದ ಬರೆಯಿರಿ

ಇದು ಎಲ್ಲಕ್ಕಿಂತ ಕಷ್ಟದ ಹಂತ. ಪೈಪು, ಮೋಟರ್ ಎಲ್ಲ ಆಮೇಲೆ.

ಬೋರ್ ಇರುವವರು ಕೇಳುವ ಮೊದಲ ಪ್ರಶ್ನೆ, "ನನ್ನ ನೀರು ನಾನ್ಯಾಕೆ ಕೊಡ್ಲಿ?" ಇದಕ್ಕೆ ನ್ಯಾಯ ನೀತಿಯ ಉತ್ತರ ಕೊಡಬೇಡಿ, ಲಾಭದ ಉತ್ತರ ಕೊಡಿ. ಅವರ ಬೋರ್ ಸುತ್ತ ಇನ್ನು ಯಾರೂ ಕೊರೆಸುವುದಿಲ್ಲ. ಅವರ ಬೋರಿಗೆ ಮಳೆನೀರು ಇಂಗಿಸುವ ಖರ್ಚನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಮೋಟರ್ ಸುಟ್ಟರೆ ರಿಪೇರಿ ಒಬ್ಬರ ತಲೆ ಮೇಲೆ ಬೀಳುವುದಿಲ್ಲ. ನಾಳೆ ಅವರ ಬೋರೇ ನಿಂತರೆ ಇನ್ನೊಬ್ಬರ ಬೋರಿನಿಂದ, ಹೊಂಡದಿಂದ ನೀರು ಬರುತ್ತದೆ. ಪಕ್ಕದ ಅನಂತಪುರ ಜಿಲ್ಲೆಯಲ್ಲಿ ಕೆಲವು ಹಳ್ಳಿಯವರು ಹೀಗೇ ಬೋರ್ ಇದ್ದವರು, ಇಲ್ಲದವರು ಸೇರಿ ಪೈಪ್‌ಲೈನ್ ಜೋಡಿಸಿಕೊಂಡು, ಹೊಸ ಬೋರ್ ಬೇಡ ಎಂದು ಒಪ್ಪಂದ ಮಾಡಿಕೊಂಡಿದ್ದಾರೆ. ಮಹಾರಾಷ್ಟ್ರದ ಹಿವರೆ ಬಜಾರ್ ಇನ್ನೂ ಮುಂದೆ ಹೋಯಿತು, ಅಲ್ಲಿ ವರ್ಷದ ಮಳೆ ನೋಡಿ ಯಾವ ಬೆಳೆ ಎಂದು ಊರೇ ಕೂತು ತೀರ್ಮಾನಿಸುತ್ತದೆ, ಕಬ್ಬು ಬಾಳೆಗೆ ಜಾಗವೇ ಇಲ್ಲ.

ಬರೆಯಬೇಕಾದ ಮಾತುಗಳು ಇವು. ಮಳೆ ಕೈಕೊಟ್ಟಾಗ ಸರದಿ ಎಲ್ಲಿಂದ ಶುರು? ಕೊನೆಯ ಹೊಲದಿಂದ ಶುರು ಮಾಡಿ, ಮೇಲಿನವರಿಂದ ಶುರುವಾದರೆ ಕೆಳಗಿನವರಿಗೆ ಯಾವತ್ತೂ "ನಾಳೆ" ಅನ್ನುವುದೇ ಆಗುತ್ತದೆ. ಸರದಿ ಗಂಟೆ ಲೆಕ್ಕವೋ ಎಕರೆ ಲೆಕ್ಕವೋ? ಪ್ರತಿ ಹೊಲಕ್ಕೂ ನೀರಿನ ಮೀಟರ್ ಹಾಕುವಷ್ಟು ಹಣ ಇಲ್ಲದಿದ್ದರೆ ಗಂಟೆ ಲೆಕ್ಕ ಸುಲಭ. ಕರೆಂಟು ಮಧ್ಯದಲ್ಲಿ ಹೋದರೆ ಉಳಿದ ಗಂಟೆ ಅವರಿಗೇ ಸೇರುತ್ತದೋ ಇಲ್ಲವೋ? ಜಗಳ ಬರುವುದೇ ಇಲ್ಲಿ, ಮೊದಲೇ ಬರೆಯಿರಿ. ಭತ್ತ, ಕಬ್ಬು ಹಾಕುವಂತಿಲ್ಲ. ಎಕರೆಗೆ ಇಷ್ಟು ಎಂದು ಪ್ರತಿ ಬೆಳೆಗೆ ಹಣ ಕಟ್ಟಬೇಕು, ಅದು ರಿಪೇರಿಗೆ ಮಾತ್ರ. ಯಾರದಾದರೂ ಹೊಲದೊಳಗೆ ಪೈಪ್ ಹಾದುಹೋದರೆ ಅದನ್ನು ಮುಂದೆ ಕಿತ್ತುಹಾಕುವಂತಿಲ್ಲ, ಹೊಲ ಮಾರಿದರೂ, ಅಣ್ಣತಮ್ಮಂದಿರು ಭಾಗ ಮಾಡಿಕೊಂಡರೂ ಹಾಗೆಯೇ.

ಛಾಪಾ ಕಾಗದದ ಮೇಲೆ ಬರೆದು, ಎಲ್ಲ ಮನೆಯವರು ಸಹಿ ಹಾಕಿ. ಹೆಂಗಸರ ಸಹಿಯೂ ಇರಲಿ. ರಾತ್ರಿ ಕರೆಂಟು ಬಂದಾಗ ಗೇಟ್‌ವಾಲ್ವ್ ತಿರುಗಿಸಲು ಹೋಗುವುದು, ಪೈಪ್ ಒಡೆದಿದೆ ಎಂದು ಮೊದಲು ನೋಡುವುದು ಬಹಳ ಮನೆಗಳಲ್ಲಿ ಅವರೇ. ಸಭೆಗೆ ಮಾತ್ರ ಪಹಣಿಯಲ್ಲಿ ಹೆಸರಿರುವವರು ಬಂದು ಕೂತರೆ ನೀರಿನ ನಿಜ ಸ್ಥಿತಿ ಗೊತ್ತಾಗುವುದಿಲ್ಲ.

ಕೊನೆಗೆ ಒಬ್ಬರು ನೀರು ಬಿಡುವವರು ಬೇಕು. ಹಳೇ ಮೈಸೂರು ಕಡೆ ಕೆರೆಗಳಿಗೆ ನೀರಗಂಟಿ ಇರುತ್ತಿದ್ದರು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡುವುದು ಅವರ ಕೆಲಸ, ಸುಗ್ಗಿಯಲ್ಲಿ ಕಾಳು ಅವರ ಸಂಬಳ. ಐದಾರು ಮನೆಗೆ ಸಂಬಳದವರು ಬೇಡ. ತಿಂಗಳಿಗೊಬ್ಬರಂತೆ ಸರದಿ ಮೇಲೆ ಆ ಕೆಲಸ ಮಾಡಲಿ. ಸ್ಟಾರ್ಟರ್ ಡಬ್ಬಿಯ ಬೀಗದ ಕೈ ಆ ತಿಂಗಳು ಅವರ ಹತ್ತಿರವೇ ಇರಬೇಕು, ಬೋರ್ ಯಾರದೇ ಆಗಿರಲಿ.

ಹಂತ 4: ಮಳೆನೀರು ಹಿಡಿಯಿರಿ

ಮೊದಲು ಬದು. ಇಳಿಜಾರಿಗೆ ಅಡ್ಡವಾಗಿ ಬದು ಹಾಕಿ, ಹೆಚ್ಚಾದ ನೀರು ಒಂದೇ ಕಡೆಯಿಂದ ಇಳಿಯುವಂತೆ ಮಾಡಿ. ಆ ಜಾಗದ ಕೆಳಗೆ ಕೃಷಿ ಹೊಂಡ. ಸುಮ್ನೆ ಖಾಲಿ ಮೂಲೆ ಇದೆ ಎಂದು ಎತ್ತರದ ಜಾಗದಲ್ಲಿ ಹೊಂಡ ತೆಗೆಸಿದರೆ ಅದು ಗುಂಡಿಯಾಗಿಯೇ ಉಳಿಯುತ್ತದೆ. ಜೋರು ಮಳೆ ಬಂದ ದಿನ ಕೊಡೆ ಹಿಡಿದು ಹೊಲಕ್ಕೆ ಹೋಗಿ ನೀರು ಎಲ್ಲಿ ಹರಿಯುತ್ತದೆ ನೋಡಿ ಬನ್ನಿ, ಜಾಗ ತಾನೇ ಗೊತ್ತಾಗುತ್ತದೆ.

ಗಾತ್ರದ ಲೆಕ್ಕ ಹೀಗೆ. 600 ಮಿ.ಮೀ. ಮಳೆ ಬೀಳುವ ಕಡೆ ಒಂದು ಎಕರೆ ಮೇಲೆ ವರ್ಷಕ್ಕೆ 24 ಲಕ್ಷ ಲೀಟರ್ ಸುರಿಯುತ್ತದೆ. ಬದು ಇರುವ ಉತ್ತ ಹೊಲದಿಂದ ಅದರಲ್ಲಿ ಶೇ 15 ಹರಿದು ಬಂದರೆ 3.6 ಲಕ್ಷ. ಮೇಲೆ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ, ಗೋಡೆ ಒಂದಕ್ಕೊಂದರ ಇಳಿಜಾರು ಇದ್ದರೆ, 9.8 ಲಕ್ಷ ಲೀಟರ್ ಹಿಡಿಯುತ್ತದೆ. ತುಂಬಲು ಮೂರು ಎಕರೆಯಷ್ಟಾದರೂ ಹರಿವು ಬೇಕು. ಒಬ್ಬರದೇ ಎರಡು ಎಕರೆ ಸಾಲದು, ಗುಂಪು ಇಲ್ಲಿ ಮತ್ತೆ ಬೇಕಾಗುತ್ತದೆ: ಮೇಲಿನ ಹೊಲದ ನೀರು ಕೆಳಗಿನ ಹೊಂಡಕ್ಕೆ. ಮಣ್ಣು ಸಡಿಲ ಇದ್ದರೆ ಗೋಡೆಯ ಇಳಿಜಾರು ಇನ್ನೂ ಜಾಸ್ತಿ ಕೊಡಿ, ಒಂದೂವರೆಗೆ ಒಂದು ಮಾಡಿದರೆ ಅದೇ ಹೊಂಡ 8.4 ಲಕ್ಷಕ್ಕೆ ಇಳಿಯುತ್ತದೆ, ಆದರೆ ಕುಸಿಯುವುದಿಲ್ಲ.

ಕೆಂಪು ಮಣ್ಣಿನಲ್ಲಿ ಹೊದಿಕೆ ಇಲ್ಲದೆ ನೀರು ನಿಲ್ಲದು. 500 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ ಹಾಸಿ. ಹಾಸುವ ಮುಂಚೆ ಚೂಪು ಕಲ್ಲು, ಬೇರು ಎಲ್ಲ ತೆಗೆದು ಗೋಡೆಗೆ ಮಣ್ಣು ಮೆತ್ತಿ ನಯ ಮಾಡಿ. ಹಾಳೆಯ ಅಂಚನ್ನು ಹೊಂಡದ ಸುತ್ತ ಅಗೆದ ಕಾಲುವೆಯಲ್ಲಿ ಹೂತು ಮಣ್ಣು ತುಂಬಿ, ಬರೀ ಮೇಲೆ ಕಲ್ಲು ಹೇರಿ ಬಿಟ್ಟರೆ ಗಾಳಿಗೆ ಏಳುತ್ತದೆ. ಎರೆ ಮಣ್ಣಿನಲ್ಲಿ ಹಾಳೆ ಇಲ್ಲದೆಯೂ ನಡೆಯುತ್ತದೆ.

ನೀರು ಒಳಗೆ ಬರುವ ಮುಂಚೆ ಒಂದು ಚಿಕ್ಕ ಹೂಳುಗುಂಡಿ ಇರಲಿ, ಪ್ರತಿ ದೊಡ್ಡ ಮಳೆಯ ಮೇಲೆ ಅದನ್ನು ಬಾಚಿ. ಹೆಚ್ಚಾದ ನೀರಿಗೆ ಕೋಡಿ ಬೇಕೇ ಬೇಕು, ಕಲ್ಲು ಜೋಡಿಸಿ ಕಟ್ಟಿ.

ಆವಿಯ ಲೆಕ್ಕ ಮರೆಯಬೇಡಿ. ದಿನಕ್ಕೆ 6 ಮಿ.ಮೀ. ಹೋದರೂ ಈ ಹೊಂಡದಿಂದ ಸುಮಾರು 2,600 ಲೀಟರ್ ಹಾರಿಹೋಗುತ್ತದೆ, ತಿಂಗಳಿಗೆ 80 ಸಾವಿರ. ಅದಕ್ಕೇ "ಬೇಸಿಗೆಗೆ ಇರಲಿ" ಎಂದು ಹೊಂಡದ ನೀರು ಕೂಡಿಡಬೇಡಿ. ಆಗಸ್ಟ್‌ನಲ್ಲಿ ಬೆಳೆ ಬಾಡಿದರೆ ಆಗಲೇ ಕೊಡಿ. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಹೊಂಡ ಮತ್ತೆ ತುಂಬುವ ಅವಕಾಶ ಇದೆ, ತುಂಬಿಯೇ ಇದ್ದರೆ ಆ ನೀರು ಕೋಡಿ ಹರಿದು ಹೋಗುತ್ತದೆ.

ಹೊಂಡಕ್ಕೆ ಬೋರ್ ನೀರು ತುಂಬಿಸಿಡುವವರೂ ಇದ್ದಾರೆ. ಮಹಾರಾಷ್ಟ್ರದಲ್ಲಿ ದ್ರಾಕ್ಷಿ ತೋಟದ ಕಡೆ ಹೀಗೆ ನೆಲದೊಳಗಿನ ನೀರನ್ನು ಎತ್ತಿ ಬಿಸಿಲಿಗೆ ಹರಡಿ ಅಂತರ್ಜಲ ಇನ್ನೂ ಕುಸಿಯಿತು. ಬೋರ್ ನೀರು ಕೂಡಿಡಲು ಒಂದು ದಿನದ ಮಟ್ಟಿನ, 20,000 ಲೀಟರಿನ ತೊಟ್ಟಿ ಸಾಕು.

ಬೇಲಿ ಹಾಕದೆ ಹೊಂಡದಲ್ಲಿ ನೀರು ನಿಲ್ಲಿಸಲೇಬೇಡಿ. ಹಾಳೆ ಹಾಸಿದ ಗೋಡೆ ಪಾಚಿಗೆ ಜಾರುತ್ತದೆ, ಈಜು ಬರುವವರಿಗೂ ಹತ್ತಿ ಬರಲು ಆಗುವುದಿಲ್ಲ. ನಾಲ್ಕೂ ಕಡೆಯಿಂದ ಗಂಟು ಹಾಕಿದ ದಪ್ಪ ಹಗ್ಗ ನೀರಿನವರೆಗೆ ಇಳಿಬಿಡಿ, ಒಂದೆರಡು ಹಳೇ ಟ್ಯೂಬ್ ತೇಲಿಬಿಡಿ.

ಹಂತ 5: ಬೋರಿಗೆ ನೀರು ಇಂಗಿಸಿ

ಕೇಸಿಂಗ್ (ಬೋರ್ ಬಾಯಿಗೆ ಇಳಿಸಿದ ಪೈಪು) ಸುತ್ತ ಹತ್ತು ಅಡಿ ಉದ್ದ, ಅಗಲ, ಆಳದ ಗುಂಡಿ. ಗುಂಡಿಯ ಕೆಳಭಾಗದಲ್ಲಿ ಬರುವ ಕೇಸಿಂಗಿಗೆ ತೂತು ಕೊರೆದು ನೈಲಾನ್ ಜಾಲರಿ ಸುತ್ತಿ. ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಹೂಳು ತಿಳಿಯಾದ ನೀರು ಮಾತ್ರ ಬಿಡಿ. ಗೊಬ್ಬರ, ಔಷಧಿ ಹೊಡೆದ ಹೊಲದಿಂದ ನೇರ ಬರುವ ಮೊದಲ ಮಳೆಯ ನೀರು ಬೇಡ, ಆ ಬೋರಿನಿಂದ ಯಾರಾದರೂ ಕುಡಿಯುತ್ತಿದ್ದರೆ ಹೊಲದ ನೀರನ್ನು ಇಂಗಿಸುವ ಆಲೋಚನೆಯನ್ನೇ ಬಿಡಿ. ಮೇಲಿನ ಮರಳನ್ನು ವರ್ಷಕ್ಕೊಮ್ಮೆ ತೊಳೆದು ಹಾಕಬೇಕು. ಗುಂಪಿನಲ್ಲಿ ಒಣಗಿ ನಿಂತ ಬೋರ್ ಇದ್ದರೆ ಅಲ್ಲಿಂದ ಶುರು ಮಾಡಿ. ಇಂಗಿಸಲೂ ಬಾರದ ಬೋರನ್ನು ಬಾಯಿ ತೆರೆದು ಬಿಡದೆ ಮುಚ್ಚಿ, ಮಕ್ಕಳ ಜೀವದ ಪ್ರಶ್ನೆ.

ಹಂತ 6: ಪಂಪು, ಪೈಪು, ಡ್ರಿಪ್

ಅಂಗಡಿಯವರು "ಐದು ಎಚ್‌ಪಿ ಹಾಕ್ಬಿಡಿ ಅಣ್ಣ, ಯೋಚನೆನೇ ಬೇಡ" ಅನ್ನುತ್ತಾರೆ. ಯೋಚನೆ ಮಾಡಿ. ಎರಡು ನಿಮಿಷದ ಲೆಕ್ಕ.

ಸಾಲಿನಿಂದ ಸಾಲಿಗೆ 1.2 ಮೀಟರ್, ಲ್ಯಾಟರಲ್‌ನಲ್ಲಿ (ಸಾಲಿಗೆ ಹಾಸುವ ತೆಳು ಪೈಪು) 40 ಸೆಂ.ಮೀ.ಗೊಂದು ಗಂಟೆಗೆ 2 ಲೀಟರಿನ ಡ್ರಿಪ್ಪರ್ ಇದ್ದರೆ ಎಕರೆಗೆ ಸುಮಾರು 8,400 ಡ್ರಿಪ್ಪರ್. ಒಂದೇ ಸಲ ಬಿಟ್ಟರೆ ಗಂಟೆಗೆ 16,800 ಲೀಟರ್ ಬೇಕು. ನಮ್ಮ ಬೋರ್ ಕೊಡುವುದು 2,900! ನೇರ ಬೋರಿನಿಂದ ಆದರೆ ಎಕರೆಯನ್ನು ಆರು ಭಾಗ ಮಾಡಿ ಒಂದೊಂದಕ್ಕೆ ವಾಲ್ವ್ ಇಡಬೇಕು. ಇಲ್ಲವೇ ತೊಟ್ಟಿಗೆ ತುಂಬಿಸಿ, ಅಲ್ಲಿಂದ ಬೇರೆ ಪಂಪಿನಲ್ಲಿ ಅರ್ಧ ಎಕರೆಗೊಮ್ಮೆ ಬಿಡಬೇಕು. ಗುಂಪಿಗೆ ಎರಡನೆಯದೇ ಅನುಕೂಲ.

ಅರ್ಧ ಎಕರೆಗೆ ಸೆಕೆಂಡಿಗೆ 2.33 ಲೀಟರ್. ಎತ್ತುವ ಎತ್ತರಕ್ಕೆ ಹೊಂಡದ ಆಳ, ಹೊಲದ ಏರು, ಪೈಪಿನ ಘರ್ಷಣೆ, ಫಿಲ್ಟರ್, ಡ್ರಿಪ್‌ಗೆ ಬೇಕಾದ ಒಂದು ಕೆ.ಜಿ. ಒತ್ತಡ ಅಂದರೆ 10 ಮೀಟರ್, ಎಲ್ಲ ಕೂಡಿಸಿ 30 ಮೀಟರ್ ಎಂದುಕೊಳ್ಳಿ. ಒಂದು ಎಚ್‌ಪಿ ಅಂದರೆ ಸೆಕೆಂಡಿಗೆ 75 ಲೀಟರ್ ನೀರನ್ನು ಒಂದು ಮೀಟರ್ ಎತ್ತುವ ಶಕ್ತಿ, ಪಂಪಿನಲ್ಲಿ ಅರ್ಧ ನಷ್ಟ ಎಂದು ಹಿಡಿಯಿರಿ. 2.33ನ್ನು 30ರಿಂದ ಗುಣಿಸಿ, 75ರ ಅರ್ಧ 37.5ರಿಂದ ಭಾಗಿಸಿ. ಬರುವುದು 1.9. ಎರಡು ಎಚ್‌ಪಿ ಬಿಗಿಯಾಗುತ್ತದೆ, ಮೂರು ಧಾರಾಳ. ಇಷ್ಟು ನೀರಿಗೆ 63 ಮಿ.ಮೀ. ಪೈಪು ಸಾಕು, ಇಡೀ ಎಕರೆ ಒಂದೇ ಸಲ ಎಂದರೆ 75 ಬೇಕು. ಬೋರ್ ಮೋಟರಿಗೆ ನೀರಿಲ್ಲದಾಗ ತಾನೇ ನಿಲ್ಲುವ ವ್ಯವಸ್ಥೆ ಹಾಕಿಸಿ, ಒಂದು ರೀವೈಂಡಿಂಗ್ ಖರ್ಚು ಉಳಿದರೂ ಅದರ ದುಡ್ಡು ಬಂದಂತೆ.

ಫಿಲ್ಟರ್ ವಿಷಯದಲ್ಲಿ ಜಿಪುಣತನ ಬೇಡ. ಹೊಂಡದ ನೀರಿನಲ್ಲಿ ಪಾಚಿ, ಅದಕ್ಕೆ ಮರಳಿನ ಫಿಲ್ಟರ್ ಮತ್ತು ಅದಾದ ಮೇಲೆ ಡಿಸ್ಕ್ ಅಥವಾ ಜಾಲರಿ ಫಿಲ್ಟರ್. ಬೋರ್ ನೀರಿನಲ್ಲಿ ಸುಣ್ಣ, ಅದು ಡ್ರಿಪ್ಪರ್ ಬಾಯಲ್ಲಿ ಬಿಳಿ ಕಟ್ಟುತ್ತದೆ. ಹದಿನೈದು ದಿನಕ್ಕೊಮ್ಮೆ ಲ್ಯಾಟರಲ್ ಕೊನೆಯ ಮುಚ್ಚಳ ತೆಗೆದು ತಿಳಿನೀರು ಬರುವವರೆಗೆ ಬಿಡಿ. ಸುಣ್ಣ ಜಾಸ್ತಿಯಾದರೆ ಆಸಿಡ್ ಬಿಟ್ಟು ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ತೊಳೆಯಬೇಕು, ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಯಾವತ್ತೂ ಹಾಕಬೇಡಿ, ಕೈಗವಸು ಕನ್ನಡಕ ಇರಲಿ.

ಎಲ್ಲ ಕಡೆ ಸಮ ಬೀಳುತ್ತಿದೆಯಾ ಎಂದು ನೋಡಲು ಮೊದಲ ಸಾಲು, ಮಧ್ಯದ ಸಾಲು, ಕೊನೆ ಸಾಲಿನ ಡ್ರಿಪ್ಪರ್ ಕೆಳಗೆ ಅರ್ಧ ಲೀಟರಿಗಿಂತ ದೊಡ್ಡ ಒಂದೊಂದು ಪಾತ್ರೆ ಇಟ್ಟು ಹದಿನೈದು ನಿಮಿಷ ಬಿಡಿ. 2 ಲೀಟರಿನ ಡ್ರಿಪ್ಪರ್ ಆದರೆ ಅರ್ಧ ಲೀಟರ್ ಬಂದಿರಬೇಕು. ಕೊನೆಯದರಲ್ಲಿ ಅದರ ಮುಕ್ಕಾಲೂ ಇಲ್ಲದಿದ್ದರೆ ಒಂದೇ ಸಲ ಜಾಸ್ತಿ ಜಾಗಕ್ಕೆ ಬಿಟ್ಟಿದ್ದೀರಿ, ಇಲ್ಲವೇ ಫಿಲ್ಟರ್ ಕಟ್ಟಿದೆ.

ರಾಗಿ, ಶೇಂಗಾಗೆ ಡ್ರಿಪ್ ಹಾಸುವ ಅಗತ್ಯ ಇಲ್ಲ. ಹೊಲದಿಂದ ಹೊಲಕ್ಕೆ ಹೊತ್ತೊಯ್ಯುವ ಒಂದು ಸೆಟ್ ತುಂತುರು ಪೈಪು ಆರು ಮನೆಗೂ ಸಾಕು.

ಹಂತ 7: ಸಬ್ಸಿಡಿ ಮತ್ತು ಕಾಗದಪತ್ರ

ಕೃಷಿ ಹೊಂಡ, ಹಾಳೆ, ಬೇಲಿ, ಪಂಪ್‌ಸೆಟ್, ತುಂತುರು ಪೈಪಿಗೆ ರಾಜ್ಯದ ಕೃಷಿ ಭಾಗ್ಯ ಯೋಜನೆ. 2014-15ರಲ್ಲಿ ಶುರುವಾಗಿ ನಡುವೆ ನಿಂತು, 2023-24ರಲ್ಲಿ ಮತ್ತೆ ಬಂತು. ಹೊಂಡ, ಹಾಳೆಗೆ ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟ ಜಾತಿ, ಪಂಗಡಕ್ಕೆ ಶೇ 90 ಸಹಾಯಧನ, ಬೇಲಿಗೆ ಇಷ್ಟಿಲ್ಲ. ಡ್ರಿಪ್‌ಗೆ ಕೇಂದ್ರದ ಪರ್ ಡ್ರಾಪ್ ಮೋರ್ ಕ್ರಾಪ್ ಯೋಜನೆ ಮತ್ತು ರಾಜ್ಯದ ಪಾಲು ಸೇರುತ್ತದೆ, ತರಕಾರಿ ಹಣ್ಣಿಗೆ ತೋಟಗಾರಿಕೆ ಇಲಾಖೆ, ಉಳಿದ ಬೆಳೆಗೆ ರೈತ ಸಂಪರ್ಕ ಕೇಂದ್ರ. ಸೋಲಾರ್ ಪಂಪಿಗೆ ಕೇಂದ್ರದ ಪಿಎಂ ಕುಸುಮ್ ಯೋಜನೆಯ ಬಿ ಭಾಗ. 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಕರೆಂಟು ಹೇಗೂ ಉಚಿತ, ಹಾಗಾಗಿ ಲೈನ್ ಇರುವ ಕಡೆ ಸೋಲಾರ್‌ನ ಮುಖ್ಯ ಲಾಭ ಹಗಲು ನೀರು ಸಿಗುವುದು. ಅನುದಾನ, ಗುರಿ ವರ್ಷವರ್ಷಕ್ಕೂ ತಾಲ್ಲೂಕು ತಾಲ್ಲೂಕಿಗೂ ಬದಲಾಗುತ್ತದೆ, ಏಪ್ರಿಲ್‌ನಲ್ಲೇ ವಿಚಾರಿಸಿ.

ಬೇಕಾದ ಕಾಗದ: ಎಫ್‌ಐಡಿ (ರೈತರ ನೋಂದಣಿ ಸಂಖ್ಯೆ), ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಬೇಕಾದವರಿಗೆ ಜಾತಿ ಪ್ರಮಾಣಪತ್ರ. ಹೆಚ್ಚಿನ ಅರ್ಜಿ ಸಿಕ್ಕಿಕೊಳ್ಳುವುದು ಇವುಗಳಲ್ಲಲ್ಲ, ಖಾತೆಯಲ್ಲಿ. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಲ್ಲಿ ಇರುತ್ತದೆ, ಇಲ್ಲವೇ ನಾಲ್ಕು ಅಣ್ಣತಮ್ಮಂದಿರ ಜಂಟಿ ಹೆಸರಲ್ಲಿ. ಪೌತಿ ಖಾತೆ ಮಾಡಿಸಲು ಇವತ್ತೇ ಓಡಾಟ ಶುರು ಮಾಡಿ, ಹೊಂಡದ ಕೆಲಸಕ್ಕಿಂತ ಅದೇ ಜಾಸ್ತಿ ತಿಂಗಳು ತಿನ್ನುತ್ತದೆ. ಕಾರ್ಯಾದೇಶ ಕೈಗೆ ಬರುವ ಮೊದಲು ಜೆಸಿಬಿ ಕರೆಸಬೇಡಿ, ಸಾಮಾನು ಕೊಳ್ಳಬೇಡಿ. ಮೊದಲೇ ಮಾಡಿದ ಕೆಲಸಕ್ಕೆ ಹಣ ಬರುವುದಿಲ್ಲ. ಸಹಾಯಧನ ಒಬ್ಬೊಬ್ಬರ ಹೆಸರಿಗೆ ಬರುವುದರಿಂದ ಯಾರ ಜಮೀನಿನಲ್ಲಿ ಹೊಂಡ, ಯಾರ ಹೆಸರಲ್ಲಿ ಪಂಪು ಎಂದು ಗುಂಪಿನೊಳಗೆ ಹಂಚಿಕೊಂಡು ಅರ್ಜಿ ಹಾಕಿ, ಒಪ್ಪಂದದಲ್ಲೂ ಬರೆಯಿರಿ.

ಎಷ್ಟೇ ಲೆಕ್ಕ ಹಾಕಿದರೂ ಹೊಸ ಬೋರ್ ಬೇಕೇ ಅನ್ನಿಸಿದರೆ, 2011ರ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತ ತಾಲ್ಲೂಕುಗಳಲ್ಲಿ ಅನುಮತಿ ಬೇಕು. ಊರಿನ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೂ ಅನುಮತಿ ಇಲ್ಲದೆ ಕೊರೆಸುವಂತಿಲ್ಲ.

ಹಂತ 8: ಇನ್ನೊಬ್ಬರನ್ನು ಸೇರಿಸಿಕೊಳ್ಳುವುದು

ಮೊದಲ ವರ್ಷ ಪೈಪು ಹೋಗಿರುವ ಹೊಲಕ್ಕೆಲ್ಲ ನೀರು ಕೊಡಲು ಹೋಗಬೇಡಿ. ಮನೆಗೆ ಒಂದೊಂದು ಎಕರೆ ಮಳೆಬೆಳೆ, ಅಷ್ಟಕ್ಕೇ ಸರದಿ ನಡೆಸಿ. ನೀರು ಬಿಟ್ಟ ದಿನ, ಗಂಟೆ, ಯಾರ ಹೊಲ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಸ್ಟಾರ್ಟರ್ ಡಬ್ಬಿಯಲ್ಲೇ ಇಡಿ.

ಒಂದು ಬೆಳೆ ಉಳಿದದ್ದು ಕಂಡರೆ ಏಳನೆಯವರು, ಎಂಟನೆಯವರು ಬಂದೇ ಬರುತ್ತಾರೆ. ತಕ್ಷಣ ಹೂಂ ಅನ್ನಬೇಡಿ, ಇಲ್ಲ ಅಂತಲೂ ಅನ್ನಬೇಡಿ. ಮೇ ತಿಂಗಳ ಡ್ರಮ್ ಅಳತೆಯವರೆಗೆ ಕಾಯಲು ಹೇಳಿ. ಹಿಂದಿನ ಮೇ ತಿಂಗಳಷ್ಟೇ ಅಥವಾ ಅದಕ್ಕಿಂತ ಬೇಗ ಡ್ರಮ್ ತುಂಬಿದರೆ ಜಾಗ ಇದೆ. ತಡವಾಗಿ ತುಂಬಿದರೆ ಆ ವರ್ಷ ಯಾರನ್ನೂ ಸೇರಿಸಬೇಡಿ, ಬೇಸಿಗೆ ಬೆಳೆಯನ್ನೂ ಕಡಿಮೆ ಮಾಡಿ. ಸೇರುವವರು ಹಣದ ಜೊತೆ ತಮ್ಮ ಹೊಲದ ಹರಿವನ್ನೂ ತರಬೇಕು: ಬದು ಹಾಕಿಸಿ ಇರುವ ಹೊಂಡಕ್ಕೆ ನೀರು ತಿರುಗಿಸಲಿ, ಇಲ್ಲವೇ ತಮ್ಮ ಜಮೀನಿನಲ್ಲಿ ಇನ್ನೊಂದು ಹೊಂಡ ತೆಗೆಸಲಿ. ಅವರ ಮೊದಲ ಸರದಿ ಆ ಹೊಂಡ ಒಂದು ಸಲ ತುಂಬಿದ ಮೇಲೆ.